ಬೆಲೆ ಬಿದ್ದ ವರ್ಷದ ಲೆಕ್ಕ

2017ರ ಏಪ್ರಿಲ್‌ನಲ್ಲಿ ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಸರ್ಕಾರ ಕೊಕ್ಕೊ ಬೀಜದ ಖರೀದಿ ದರವನ್ನು ಕೆಜಿಗೆ 1,100 ಸಿಎಫ್‌ಎ ಫ್ರಾಂಕ್‌ನಿಂದ 700ಕ್ಕೆ ಇಳಿಸಿತು. ಜಗತ್ತಿನಲ್ಲೇ ಅತಿ ಹೆಚ್ಚು ಕೊಕ್ಕೊ ಬೆಳೆಯುವ ದೇಶ ಅದು. ಹಿಂದಿನ ವರ್ಷ ಟನ್ನಿಗೆ 3,000 ಡಾಲರ್ ದಾಟಿದ್ದ ಅಂತರರಾಷ್ಟ್ರೀಯ ಬೆಲೆ ಕೆಲವೇ ತಿಂಗಳಲ್ಲಿ 2,000ದ ಕೆಳಗೆ ಜಾರಿತ್ತು. ಎರಡು ಮೂರು ಹೆಕ್ಟೇರ್ ತೋಟವನ್ನೇ ನಂಬಿಕೊಂಡ ಕುಟುಂಬಗಳ ಕೊಕ್ಕೊ ವರಮಾನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಒಂದೇ ಘೋಷಣೆಗೆ ಕೈಬಿಟ್ಟುಹೋಯಿತು. ಅಂಗಡಿಯಲ್ಲಿ ಚಾಕೊಲೇಟಿನ ಬೆಲೆ ಮಾತ್ರ ಮೂರನೇ ಒಂದರಷ್ಟು ಇಳಿಯಲಿಲ್ಲ.

ಗಮನಿಸಬೇಕಾದ್ದು ಇನ್ನೊಂದಿದೆ. ಆ ವರ್ಷ ಅದೇ ದೇಶದಲ್ಲಿ ನೆಸ್ಲೆ ಕಂಪನಿ 2009ರಲ್ಲಿ ಶುರು ಮಾಡಿದ ‘ಕೊಕೊ ಪ್ಲಾನ್’ ನಡೆಯುತ್ತಿತ್ತು. ಮಾಂಡಲೀಜ್‌ನ ‘ಕೊಕೊ ಲೈಫ್’ 2012ರಿಂದಲೂ ಚಾಲ್ತಿಯಲ್ಲಿತ್ತು. ಪ್ರಮಾಣಪತ್ರ ಕೊಡುವ ಸಂಸ್ಥೆಗಳೂ ತೋಟದಿಂದ ತೋಟಕ್ಕೆ ಓಡಾಡುತ್ತಿದ್ದವು. ಸಸಿ ಹಂಚಿದ್ದು, ತರಬೇತಿ ಕೊಟ್ಟದ್ದು, ಶಾಲೆ ಕಟ್ಟಿಸಿದ್ದು ಯಾವುದೂ ಸುಳ್ಳಲ್ಲ. ಆದರೆ ದರ ಬಿದ್ದ ದಿನ ಅದರ ಪೆಟ್ಟು ಯಾರ ಮೇಲೆ ಬಿತ್ತು ಎಂದು ಕೇಳಿದರೆ ಉತ್ತರ ಮೊದಲಿನದೇ. ಸುಸ್ಥಿರ ಖರೀದಿಯ ಬಗ್ಗೆ ಆಹಾರ ಕಂಪನಿಗಳು ಹೊರಡಿಸುವ ವಾರ್ಷಿಕ ವರದಿಗಳನ್ನು ಓದುವಾಗ ನಾನು ಹುಡುಕುವುದು ಈ ಒಂದು ಸಂಗತಿಯನ್ನು. ಒಳ್ಳೆಯ ವರ್ಷದಲ್ಲಿ ರೈತನಿಗೆ ಎಷ್ಟು ಹೆಚ್ಚು ಕೊಟ್ಟರು ಎಂಬುದಲ್ಲ, ಕೆಟ್ಟ ವರ್ಷದ ನಷ್ಟದಲ್ಲಿ ಎಷ್ಟನ್ನು ತಮ್ಮ ಪುಸ್ತಕಕ್ಕೆ ಬರೆದುಕೊಂಡರು ಎಂಬುದು. ವರದಿಗಳಲ್ಲಿ ಅದಕ್ಕೊಂದು ಕಾಲಂ ಸಿಗುವುದು ಅಪರೂಪ.

ಕೊಕ್ಕೊ ಮಾರುಕಟ್ಟೆಯಲ್ಲಿ ಈ ಜಗಳ ಇಂದು ನಿನ್ನೆಯದಲ್ಲ. ಈಗಿನ ಘಾನಾ ಬ್ರಿಟಿಷರ ಗೋಲ್ಡ್ ಕೋಸ್ಟ್ ಆಗಿದ್ದಾಗ, 1937ರಲ್ಲಿ, ಯುನೈಟೆಡ್ ಆಫ್ರಿಕ ಕಂಪನಿಯ ಮುಂದಾಳ್ತನದಲ್ಲಿ ಯುರೋಪಿನ ಖರೀದಿ ಸಂಸ್ಥೆಗಳು ಪೈಪೋಟಿ ಬಿಟ್ಟು ಒಳಗೊಳಗೇ ದರದ ಒಪ್ಪಂದ ಮಾಡಿಕೊಂಡವು. ವಿಷಯ ಗೊತ್ತಾದ ಬೆಳೆಗಾರರು ಬೀಜ ಮಾರುವುದನ್ನೇ ನಿಲ್ಲಿಸಿದರು. 1938ರವರೆಗೆ ತಿಂಗಳುಗಟ್ಟಲೆ ಕೊಕ್ಕೊ ಬಂದರಿಗೆ ಬರಲಿಲ್ಲ, ಜನ ವಿದೇಶಿ ಸರಕನ್ನೂ ಬಹಿಷ್ಕರಿಸಿದರು. ಕೊನೆಗೆ ಲಂಡನ್ನಿನಿಂದ ನೋವೆಲ್ ಆಯೋಗ ಬರಬೇಕಾಯಿತು. 1947ರಲ್ಲಿ ಹುಟ್ಟಿದ ಕೊಕ್ಕೊ ಮಾರಾಟ ಮಂಡಳಿಯೇ ಇಂದಿನ ಘಾನಾದ ‘ಕೊಕೊಬಾಡ್’. ಬೆಳೆಗಾರರು ಆಗ ಕೇಳಿದ್ದು ಶಾಲೆಯನ್ನಲ್ಲ, ತರಬೇತಿಯನ್ನೂ ಅಲ್ಲ. ದರ ಹೇಳುವುದರಲ್ಲಿ ತಮ್ಮದೂ ಒಂದು ಮಾತಿರಬೇಕು ಎಂದು. ಸುಮಾರು ತೊಂಬತ್ತು ವರ್ಷಗಳ ಮೇಲೆ ಅವರಿಗೆ ಸಿಗುತ್ತಿರುವುದು ಬಹುಪಾಲು ಕೇಳದೇ ಇದ್ದದ್ದು.

ಹಾಗೆಂದು ಕಂಪನಿಗಳ ಕಾರ್ಯಕ್ರಮಗಳನ್ನೆಲ್ಲ ಬೂಟಾಟಿಕೆ ಎಂದು ತಳ್ಳಿಹಾಕುವುದು ಸೋಮಾರಿತನದ ಟೀಕೆ. ನೆಸ್ಲೆ 2022ರ ಜನವರಿಯಲ್ಲಿ ಪ್ರಕಟಿಸಿದ ಯೋಜನೆಯನ್ನೇ ನೋಡಿ. ಮಕ್ಕಳನ್ನು ಶಾಲೆಗೆ ಕಳಿಸುವುದು, ಗಿಡಗಳನ್ನು ಸರಿಯಾಗಿ ಸವರುವುದು, ತೋಟದಲ್ಲಿ ನೆರಳಿನ ಮರ ನೆಡುವುದು, ಕೋಳಿ ಸಾಕಣೆಯಂಥ ಇನ್ನೊಂದು ಆದಾಯದ ದಾರಿ ಮಾಡಿಕೊಳ್ಳುವುದು, ಈ ನಾಲ್ಕು ಕೆಲಸಗಳಿಗೆ ಮೊದಲ ಎರಡು ವರ್ಷ ಕುಟುಂಬಕ್ಕೆ ವರ್ಷಕ್ಕೆ 500 ಸ್ವಿಸ್ ಫ್ರಾಂಕ್‌ವರೆಗೆ ನಗದು. ಹಣ ಮೊಬೈಲ್ ಮೂಲಕ ಬರುತ್ತದೆ, ಅದರಲ್ಲಿ ಒಂದು ಪಾಲು ಹೆಂಡತಿಯ ಹೆಸರಿಗೇ ಹೋಗುತ್ತದೆ. ಇದು ಜಾಣತನದ ಏರ್ಪಾಡು. ಎಷ್ಟು ಕ್ವಿಂಟಲ್ ಬೆಳೆದಿರಿ ಎಂಬುದರ ಮೇಲೆ ದುಡ್ಡು ನಿಂತಿಲ್ಲ, ಆದ್ದರಿಂದ ಚಿಕ್ಕ ತೋಟದವನಿಗೆ ಮೋಸವಿಲ್ಲ. ಹೆಂಗಸಿನ ಕೈಗೆ ಬಂದ ಹಣ ಮನೆಯ ಅಡುಗೆಗೆ, ಮಕ್ಕಳ ಪುಸ್ತಕಕ್ಕೆ ಹೋಗುವ ಸಂಭವ ಹೆಚ್ಚು. ನಮ್ಮ ಸ್ತ್ರೀಶಕ್ತಿ ಸಂಘಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ತಕರಾರು ಈ ಕಾರ್ಯಕ್ರಮಗಳ ಅಡಿಯಲ್ಲಿರುವ ನಂಬಿಕೆಯ ಬಗ್ಗೆ. ರೈತ ಬಡವನಾಗಿರುವುದು ಅವನ ಇಳುವರಿ ಕಡಿಮೆ ಇರುವುದರಿಂದ, ಇಳುವರಿ ಹೆಚ್ಚಿಸಿದರೆ ಬಡತನ ತಾನಾಗಿ ನೀಗುತ್ತದೆ ಎಂಬುದು ಆ ನಂಬಿಕೆ. ಒಬ್ಬ ರೈತನ ಮಟ್ಟಿಗೆ ಇದು ನಿಜ, ಎಲ್ಲರಿಗೂ ಅನ್ವಯಿಸಿದರೆ ಸುಳ್ಳು. ಟೊಮೆಟೊ ಬೆಳೆದು ಕೋಲಾರದ ರಸ್ತೆಗೆ ಸುರಿದ ನಾಡಿನವರು ನಾವು. 2016–17ರಲ್ಲಿ ಕೊಕ್ಕೊಗೆ ಆದದ್ದೂ ಹೆಚ್ಚುಕಡಿಮೆ ಅದೇ. ಬೆಳೆ ಚೆನ್ನಾಗಿ ಬಂತು, ಬೀಜ ಬಳಕೆಗಿಂತ ಹೆಚ್ಚಾಯಿತು, ದರ ಮುರಿದುಬಿತ್ತು. ಹೆಚ್ಚಿದ ಇಳುವರಿಯ ಲಾಭ ಅಗ್ಗದ ಕಚ್ಚಾವಸ್ತುವಿನ ರೂಪದಲ್ಲಿ ಕಾರ್ಖಾನೆ ಸೇರಿತು.

ಇನ್ನು ರೈನ್‌ಫಾರೆಸ್ಟ್ ಅಲಯನ್ಸ್‌ನ ಹಸಿರು ಕಪ್ಪೆಯ ಮುದ್ರೆಯಂಥ ಪ್ರಮಾಣಪತ್ರಗಳು. ಪೊಟ್ಟಣದ ಮೇಲೆ ಮುದ್ರೆ ಇದೆ ಎಂದರೆ ಒಳಗಿನ ಚಾಕೊಲೇಟು ಪ್ರಮಾಣಪತ್ರ ಪಡೆದ ತೋಟದ ಬೀಜದಿಂದಲೇ ಆದದ್ದು ಎಂದು ನಾವು ತಿಳಿಯುತ್ತೇವೆ. ಎಷ್ಟೋ ಸಲ ಹಾಗಿರುವುದಿಲ್ಲ. ಡೇರಿಯ ಕ್ಯಾನಿನಲ್ಲಿ ಎಲ್ಲರ ಮನೆಯ ಹಾಲೂ ಬೆರೆತುಹೋಗುವ ಹಾಗೆ, ಪ್ರಮಾಣೀಕೃತ ಬೀಜವೂ ಉಳಿದದ್ದೂ ಕಾರ್ಖಾನೆಯಲ್ಲಿ ಒಂದಾಗುತ್ತವೆ. ಖರೀದಿಸಿದಷ್ಟು ತೂಕಕ್ಕೆ ಸರಿಯಾಗಿ ಮುದ್ರೆ ಹಾಕಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಅದು ದೊಡ್ಡ ಅಪರಾಧವೇನಲ್ಲ, ರೈತನಿಗೆ ಹಣ ಸೇರಿದರೆ ಸಾಕು. ಸೇರುವುದು ಎಷ್ಟು? ರೈನ್‌ಫಾರೆಸ್ಟ್ ಅಲಯನ್ಸ್‌ನ ನಿಯಮದಂತೆ ಕೊಕ್ಕೊಗೆ ಟನ್ನಿಗೆ ಕನಿಷ್ಠ 70 ಡಾಲರ್ ಹೆಚ್ಚುವರಿ ಕೊಡಬೇಕು. ವರ್ಷಕ್ಕೆ ಒಂದು ಟನ್ ಬೆಳೆಯುವ ಕುಟುಂಬಕ್ಕೆ ಇಡೀ ವರ್ಷಕ್ಕೆ ಎಪ್ಪತ್ತು ಡಾಲರ್! ಆ ಸಂಸ್ಥೆ ಕನಿಷ್ಠ ಬೆಲೆಯನ್ನು ಗೊತ್ತುಮಾಡುವುದಿಲ್ಲ. ಫೇರ್‌ಟ್ರೇಡ್ ಮಾಡುತ್ತದೆ, 2019ರ ಅಕ್ಟೋಬರಿನಲ್ಲಿ ಜಾರಿಯಾದದ್ದು ಟನ್ನಿಗೆ 2,400 ಡಾಲರ್ ನೆಲೆಬೆಲೆ, ಅದರ ಮೇಲೆ 240 ಡಾಲರ್ ಹೆಚ್ಚುವರಿ. ಎರಡು ಮುದ್ರೆಗಳ ನಡುವಿನ ಈ ವ್ಯತ್ಯಾಸ ಅಂಗಡಿಯಲ್ಲಿ ನಿಂತ ಗ್ರಾಹಕರಿಗೆ ಕಾಣುವುದೇ ಇಲ್ಲ. ಕೆಟ್ಟ ವರ್ಷದಲ್ಲಿ ರೈತನಿಗೆ ಕಾಣುತ್ತದೆ.

ಸರ್ಕಾರಗಳೂ ಕೈಕಟ್ಟಿ ಕುಳಿತಿರಲಿಲ್ಲ. ಐವರಿ ಕೋಸ್ಟ್ ಮತ್ತು ಘಾನಾ ಸೇರಿದರೆ ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು. ಈ ಎರಡು ದೇಶಗಳು 2019ರಲ್ಲಿ ಒಟ್ಟಾಗಿ, ಮಾರುಕಟ್ಟೆ ಬೆಲೆಯ ಮೇಲೆ ಟನ್ನಿಗೆ 400 ಡಾಲರ್ ‘ಜೀವನಾಧಾರ ವ್ಯತ್ಯಾಸ’ ಕೊಡಲೇಬೇಕು ಎಂದವು. ಕಂಪನಿಗಳು ಒಪ್ಪಿದವು, ಸ್ವಾಗತವನ್ನೂ ಕೋರಿದವು. ಮುಂದೆ ನಡೆದದ್ದು ವ್ಯಾಪಾರಿ ಬುದ್ಧಿಯ ಒಂದು ಪಾಠ. ಬೀಜದ ಗುಣಮಟ್ಟಕ್ಕೆಂದು ಆ ದೇಶಗಳಿಗೆ ಮೊದಲಿನಿಂದ ಸಿಗುತ್ತಿದ್ದ ಇನ್ನೊಂದು ಹೆಚ್ಚುವರಿ ಇತ್ತು. ಅದು ಕರಗುತ್ತ ಕರಗುತ್ತ ಸೊನ್ನೆಗಿಂತ ಕೆಳಗಿಳಿಯಿತು. ಒಂದು ಜೇಬಿಗೆ ಹಾಕಿದ ದುಡ್ಡಿನಲ್ಲಿ ದೊಡ್ಡ ಪಾಲನ್ನು ಇನ್ನೊಂದು ಜೇಬಿನಿಂದ ತೆಗೆದಂತಾಯಿತು. 2020ರ ನವೆಂಬರಿನಲ್ಲಿ ಅಮೆರಿಕದ ಹರ್ಷೀಸ್ ಕಂಪನಿ ನ್ಯೂಯಾರ್ಕಿನ ವಾಯಿದಾ ಪೇಟೆಯಿಂದ ದೊಡ್ಡ ಪ್ರಮಾಣದಲ್ಲಿ ಬೀಜ ಎತ್ತಿದಾಗ, ಇದು 400 ಡಾಲರ್ ತಪ್ಪಿಸಿಕೊಳ್ಳುವ ಹಂಚಿಕೆ ಎಂದು ಎರಡೂ ದೇಶಗಳು ಆರೋಪಿಸಿ ಆ ಕಂಪನಿಯ ಸುಸ್ಥಿರತೆ ಕಾರ್ಯಕ್ರಮಗಳನ್ನೇ ತಡೆಹಿಡಿದವು. ಕಂಪನಿ ಆರೋಪ ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ರಾಜಿಯಾಯಿತು. ಬಡ ದೇಶದ ಕೈಯಲ್ಲಿದ್ದ ಆಯುಧ ಯಾವುದು ನೋಡಿ: ನಿಮ್ಮ ಶಾಲೆ, ಸಸಿ, ತರಬೇತಿ ನಮಗೆ ಬೇಡ, ಅದನ್ನು ತೋರಿಸಿ ಮುದ್ರೆ ಹಾಕಿಕೊಳ್ಳುವುದನ್ನು ನಿಲ್ಲಿಸುತ್ತೇವೆ ಎಂಬುದು.

ಈ ಕತೆಯ ಇನ್ನೊಂದು ತುದಿ ನಮ್ಮ ಪುತ್ತೂರಿನಲ್ಲಿದೆ. ಭಾರತದಲ್ಲಿ ಕೊಕ್ಕೊ ಹಬ್ಬಿಸಲು 1960ರ ದಶಕದಲ್ಲಿ ಕ್ಯಾಡ್‌ಬರಿ ಮುಂದಾಯಿತು, ವಯನಾಡಿನಲ್ಲಿ ಪ್ರಾತ್ಯಕ್ಷಿಕೆ ತೋಟ ಮಾಡಿತು. ವಿಟ್ಲದ ಸಂಶೋಧನ ಕೇಂದ್ರದವರು ಅಡಿಕೆ ಮರಗಳ ನಡುವೆ ಇದು ಒಳ್ಳೆಯ ಉಪಬೆಳೆ ಎಂದು ತೋರಿಸಿಕೊಟ್ಟರು. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ತೋಟಗಳಲ್ಲಿ ಗಿಡಗಳು ಎದ್ದು ನಿಂತು ಫಸಲು ಕೊಡುವ ಹೊತ್ತಿಗೆ, 1980ರ ಸುಮಾರಿಗೆ, ಬೆಲೆ ಕುಸಿದು ಖಾಸಗಿ ಖರೀದಿ ಹಿಂದೆ ಸರಿಯಿತು. ಗಿಡ ಕಡಿದು ಹಾಕಿದವರು ಬಹಳ ಮಂದಿ.

ಆಗ ಕೊಕ್ಕೊ ಖರೀದಿಗೆ ಇಳಿದದ್ದು ಕ್ಯಾಂಪ್ಕೊ. ಅಡಿಕೆ ಧಾರಣೆ ನೆಲಕಚ್ಚಿದ ದಿನಗಳಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಕಟ್ಟಿಕೊಂಡ ಸಹಕಾರಿ ಅದು. ಕೊಂಡ ಬೀಜವನ್ನು ಕಚ್ಚಾ ಮಾರಿದರೆ ಮತ್ತೆ ಅದೇ ಪೇಟೆಯ ಕಾಲಿಗೆ ಬೀಳಬೇಕು ಎಂದು ಗೊತ್ತಾಗಿ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು. ಅಡಿಕೆ ಬೆಳೆಗಾರರು ಚಾಕೊಲೇಟ್ ಮಾಡುತ್ತಾರಂತೆ ಎಂದು ನಕ್ಕವರಿದ್ದರು. ಬಹುರಾಷ್ಟ್ರೀಯ ಕಂಪನಿಗೂ ಅಲ್ಲಿ ಚಾಕೊಲೇಟ್ ತಯಾರಾದ ಕಾಲ ಮುಂದೆ ಬಂತು.

ಇದರ ಮಹತ್ವ ತಿಳಿಯಬೇಕಾದರೆ ಹಸಿಬೀಜವನ್ನು ಹತ್ತಿರದಿಂದ ನೋಡಬೇಕು. ಮಾಗಿ ಹಳದಿಯಾದ ಕೊಕ್ಕೊ ಕಾಯಿಯನ್ನು ಕಲ್ಲಿಗೋ ಮರದ ಕೊರಡಿಗೋ ಬಡಿದು ಒಡೆಯುತ್ತಾರೆ. ಕತ್ತಿ ಹಾಕಿದರೆ ಬೀಜಕ್ಕೆ ಗಾಯವಾಗುತ್ತದೆ. ಒಳಗೆ ಬಿಳಿ ತಿರುಳು ಮೆತ್ತಿಕೊಂಡ ಬೀಜಗಳು. ತಿರುಳು ಸಿಹಿ, ಅಳಿಲು ಮಂಗಗಳಿಗೆ ಹಬ್ಬ. ಬೀಜವನ್ನು ಚೀಲಕ್ಕೆ ತುಂಬಿದ ಗಳಿಗೆಯಿಂದಲೇ ರಸ ಸೋರತೊಡಗುತ್ತದೆ, ಮರುದಿನಕ್ಕೆ ಹುಳಿ ಕಳ್ಳಿನ ವಾಸನೆ ಹಿಡಿಯುತ್ತದೆ. ಇದನ್ನು ಪೆಟ್ಟಿಗೆಯಲ್ಲಿ ಐದಾರು ದಿನ ಮುಚ್ಚಿಟ್ಟು, ನಡುನಡುವೆ ಮಗುಚಿ ಹುದುಗಿಸಬೇಕು. ಆಮೇಲೆ ಬಿಸಿಲಲ್ಲಿ ಒಣಗಿಸಬೇಕು. ಹೆಚ್ಚುಕಡಿಮೆ ಮೂರು ಕೆಜಿ ಹಸಿಬೀಜಕ್ಕೆ ಒಂದು ಕೆಜಿ ಒಣಬೀಜ. ಚಾಕೊಲೇಟಿನ ಪರಿಮಳದ ಮೂಲ ಹುಟ್ಟುವುದೇ ಈ ಹುದುಗುವ ಪೆಟ್ಟಿಗೆಯಲ್ಲಿ. ಆದರೆ ಜೂನಿನಲ್ಲಿ ಮಳೆ ಹಿಡಿದ ಮೇಲೆ ಪುತ್ತೂರು ಸುಳ್ಯದಲ್ಲಿ ಒಣಗಿಸುವುದೆಲ್ಲಿ? ಕೊಟ್ಟಿಗೆ ಮಾಡಿನಲ್ಲಿ ಹರಡಿದ ಬೀಜಕ್ಕೆ ಬೂಸು ಬರುವುದೇ ಹೆಚ್ಚು.

ಹಸಿಬೀಜ ಕಾಯುವುದಿಲ್ಲ. ಕಾಯಲಾಗದ ಸರಕಿನ ಮುಂದೆ ಕೂತ ರೈತನಿಗೆ ದರದಲ್ಲಿ ಮಾತಿಲ್ಲ. ಅಡಿಕೆಯಾದರೆ ಸುಲಿದು ಗೋಣಿಯಲ್ಲಿ ಕಟ್ಟಿ, ಧಾರಣೆ ಬರಲಿ ಎಂದು ಅಟ್ಟದ ಮೇಲೆ ವರ್ಷ ಇಡಬಹುದು. ಕೊಕ್ಕೊಗೆ ಆ ಸೌಕರ್ಯವಿಲ್ಲ. ಕ್ಯಾಂಪ್ಕೊ ಹಸಿಬೀಜವನ್ನೇ ಕೊಂಡು, ಹುದುಗಿಸುವ ಒಣಗಿಸುವ ಹೊಣೆಯನ್ನು ತಾನು ಹೊತ್ತುಕೊಂಡದ್ದು ನನ್ನ ಲೆಕ್ಕದಲ್ಲಿ ಯಾವ ಹೆಚ್ಚುವರಿ ದರಕ್ಕಿಂತಲೂ ದೊಡ್ಡ ಉಪಕಾರ. ಅಪಾಯದ ಒಂದು ತುಂಡನ್ನು ತೋಟದ ಗೇಟಿನಿಂದ ಎತ್ತಿ ಡಿಪೋದೊಳಗೆ ಇಟ್ಟ ಹಾಗಾಯಿತು. ಸುಸ್ಥಿರ ಖರೀದಿ ಎಂಬ ಮಾತು ಇಲ್ಲಿ ಯಾರ ಬಾಯಲ್ಲೂ ಇರದಿದ್ದ ಕಾಲ ಅದು.

ಈ ಹೊಗಳಿಕೆಗೆ ಮಿತಿಯೂ ಇದೆ, ಹೇಳದಿದ್ದರೆ ವಾದ ಸುಳ್ಳಾಗುತ್ತದೆ. ದಕ್ಷಿಣ ಕನ್ನಡದ ಬೆಳೆಗಾರನಿಗೆ ಕೊಕ್ಕೊ ಮೇಲುಸಂಪಾದನೆ. ಮನೆ ನಡೆಯುವುದು ಅಡಿಕೆಯಿಂದ. ಅವನಿಗೆ ಪಟ್ಟಾ ಜಮೀನಿದೆ, ಸೊಸೈಟಿಯಲ್ಲಿ ಪಾಲುಬಂಡವಾಳವಿದೆ, ಸಭೆಯಲ್ಲಿ ಎದ್ದು ನಿಂತು ಬೈಯುವ ಧೈರ್ಯವಿದೆ. ಘಾನಾದ ಒಳನಾಡಿನಲ್ಲಿ ಬೇರೊಬ್ಬರ ತೋಟವನ್ನು ‘ಅಬುಸಾ’ ಪದ್ಧತಿಯಲ್ಲಿ ಮೂರರಲ್ಲೊಂದು ಪಾಲಿಗೆ ನೋಡಿಕೊಳ್ಳುವವನಿಗೆ ಇದು ಯಾವುದೂ ಇಲ್ಲ. ಕಂಪನಿಯ ಹೆಚ್ಚುವರಿ ದುಡ್ಡು ತೋಟದ ಯಜಮಾನನ ಹೆಸರಿಗೆ ಬಂದರೆ ಪಾಲುಗಾರನಿಗೆ ಎಷ್ಟು ಇಳಿಯುತ್ತದೆ? ನಮ್ಮಲ್ಲೂ ಕಾಯಿ ಒಡೆಯುವ, ಬೀಜ ಬಿಡಿಸುವ ಹೆಂಗಸರ ಕೂಲಿಗೂ ಕೊಕ್ಕೊ ಧಾರಣೆಗೂ ನೇರ ಸಂಬಂಧವಿಲ್ಲ. ‘ರೈತ ಸಮುದಾಯಕ್ಕೆ ಲಾಭ’ ಎಂದು ಬರೆಯುವಾಗ ಸಮುದಾಯದೊಳಗಿನ ಈ ಮೆಟ್ಟಿಲುಗಳು ವರದಿಯಲ್ಲಿ ಮಾಯವಾಗುತ್ತವೆ.

ಮಕ್ಕಳ ದುಡಿಮೆಯ ಪ್ರಶ್ನೆಯನ್ನೂ ಇಲ್ಲೇ ಇಟ್ಟು ನೋಡಬೇಕು. 2001ರಲ್ಲಿ ಚಾಕೊಲೇಟ್ ಉದ್ಯಮ ಕೊಕ್ಕೊ ತೋಟಗಳಲ್ಲಿ ಬಾಲದುಡಿಮೆ ತಡೆಯುವ ಹಾರ್ಕಿನ್–ಎಂಗಲ್ ಒಪ್ಪಂದಕ್ಕೆ ಸಹಿ ಹಾಕಿ 2005ರ ಗಡುವು ಹಾಕಿಕೊಂಡಿತು. ಗಡುವು ದಾಟಿತು, ಮತ್ತೆ ಮುಂದೆ ಹೋಯಿತು. ಷಿಕಾಗೊ ವಿಶ್ವವಿದ್ಯಾಲಯದ ಎನ್‌ಒಆರ್‌ಸಿ ಸಂಸ್ಥೆಯ 2020ರ ವರದಿ ಐವರಿ ಕೋಸ್ಟ್ ಮತ್ತು ಘಾನಾದ ಕೊಕ್ಕೊ ಪ್ರದೇಶದಲ್ಲಿ ಸುಮಾರು 15.6 ಲಕ್ಷ ಮಕ್ಕಳು ಬಾಲಕಾರ್ಮಿಕರೆಂದು ಅಂದಾಜಿಸಿತು. ಆಳಿಗೆ ಕೂಲಿ ಕೊಡಲಾಗದ ತಂದೆ ಮಗನ ಕೈಗೆ ಕತ್ತಿ ಕೊಡುತ್ತಾನೆ. ಅವನಿಗೆ ಅರಿವು ಮೂಡಿಸುವ ಶಿಬಿರಕ್ಕಿಂತ ಒಂದು ಆಳಿನ ಕೂಲಿ ಗಿಟ್ಟುವಷ್ಟು ದರ ಬೇಕಾಗಿದೆ.

ಕಂಪನಿಯವರ ಕಡೆಯ ವಾದ ಗಟ್ಟಿಯಾದದ್ದೇ. ನಾವು ಹೆಚ್ಚು ಕೊಟ್ಟು ಕೊಂಡರೆ ಪಕ್ಕದ ಕಂಪನಿ ಕಡಿಮೆಗೆ ಕೊಂಡು ನಮ್ಮನ್ನು ಪೇಟೆಯಿಂದ ಓಡಿಸುತ್ತದೆ, ಬೆಲೆಯನ್ನು ನಾವು ನಿರ್ಧರಿಸುವುದಿಲ್ಲ ಎನ್ನುತ್ತಾರೆ. ಆದರೆ ಇದೇ ಕಂಪನಿಗಳು ತಿಂಗಳುಗಳ ಮುಂಚೆಯೇ ವಾಯಿದಾ ಪೇಟೆಯಲ್ಲಿ ತಮ್ಮ ಬೀಜದ ದರವನ್ನು ಕಟ್ಟಿಕೊಳ್ಳುತ್ತವೆ. ನಾಳೆ ಬೆಲೆ ಏರಿದರೂ ಇಳಿದರೂ ಕಾರ್ಖಾನೆ ನಡುಗಬಾರದೆಂದು ಅದಕ್ಕಾಗಿಯೇ ವಿಭಾಗಗಳಿವೆ, ಪರಿಣತರಿದ್ದಾರೆ, ಬ್ಯಾಂಕುಗಳಿವೆ. ಬೆಲೆಯ ಏರಿಳಿತವನ್ನು ತಾಳಿಕೊಳ್ಳುವ ಸಾಧನಗಳೆಲ್ಲ ಸರಪಳಿಯ ಮೇಲಿನ ತುದಿಯಲ್ಲಿವೆ, ಏರಿಳಿತವೆಲ್ಲ ಕೆಳಗಿನ ತುದಿಗೆ ಹೋಗುತ್ತದೆ. ಇದು ಪ್ರಕೃತಿ ನಿಯಮವಲ್ಲ, ಖರೀದಿ ಕರಾರು ಬರೆಯುವ ರೀತಿ. ಬೇರೆ ರೀತಿಯಲ್ಲೂ ಬರೆಯಬಹುದು. ನೆದರ್ಲೆಂಡ್ಸ್‌ನ ಟೋನೀಸ್ ಚಾಕೊಲೋನ್ಲಿ ಕಂಪನಿ ಸಹಕಾರಿಗಳ ಜತೆ ಕನಿಷ್ಠ ಐದು ವರ್ಷದ ಮಾತು ಕೊಡುತ್ತದೆ, ಪೇಟೆಯ ದರ ಕಡಿಮೆಯಿದ್ದರೆ ಕುಟುಂಬದ ಜೀವನವೆಚ್ಚ ಲೆಕ್ಕಹಾಕಿ ನಿಗದಿ ಮಾಡಿದ ಮಟ್ಟಕ್ಕೆ ಏರಿಸಿ ಕೊಡುತ್ತದೆ. ದೈತ್ಯ ಕಂಪನಿಗಳ ಪಕ್ಕದಲ್ಲಿ ಅದು ಚಿಕ್ಕದು ಎಂಬುದು ನಿಜ. ಆದರೆ ಸಾಧ್ಯವೇ ಇಲ್ಲ ಎಂಬ ಮಾತಿಗೆ ಒಂದು ಉದಾಹರಣೆ ಸಾಕು.

ಘಾನಾದ ಕುವಾಪಾ ಕೊಕೂ ಸಹಕಾರಿ (1993) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಹಳ್ಳಿಯಲ್ಲಿ ಬೀಜ ತೂಗುವವನನ್ನು ಹಳ್ಳಿಯವರೇ ಆರಿಸುತ್ತಾರೆ. ತೂಕದ ಕಲ್ಲಿನಲ್ಲಿ ಮೋಸ ಕಂಡ ಎಪಿಎಂಸಿಯ ಯಾವ ರೈತನಿಗಾದರೂ ಈ ಒಂದು ನಿಯಮದ ಬೆಲೆ ತಿಳಿಯುತ್ತದೆ. ಬ್ರಿಟನ್ನಿನಲ್ಲಿ 1998ರಲ್ಲಿ ಹುಟ್ಟಿದ ಡಿವೈನ್ ಚಾಕೊಲೇಟ್ ಕಂಪನಿಯಲ್ಲಿ ಈ ಸಹಕಾರಿ ಪಾಲುದಾರನೂ ಆಗಿ, ಒಂದು ಹಂತದಲ್ಲಿ ಶೇ. 45ರಷ್ಟು ಷೇರು ಹೊಂದಿತ್ತು. 2020ರಲ್ಲಿ ಜರ್ಮನಿಯ ಕಂಪನಿಯೊಂದು ಡಿವೈನ್‌ನ ಬಹುಪಾಲನ್ನು ಕೊಂಡಾಗ ಸಹಕಾರಿಯ ಪಾಲು ಶೇ. 20ಕ್ಕೆ ಇಳಿಯಿತು. ಒಡೆತನ ಒಮ್ಮೆ ಸಿಕ್ಕರೆ ಉಳಿಯುತ್ತದೆಂಬ ಖಾತ್ರಿಯಿಲ್ಲ, ಅದಕ್ಕೂ ಬಂಡವಾಳ ಬೇಕು.

ರೈತನನ್ನು ಕೆಟ್ಟ ವರ್ಷದಲ್ಲಿ ಕೈಬಿಟ್ಟುದರ ಬಿಲ್ಲು ಕಂಪನಿಗಳಿಗೂ ಬಂತು. ಕಡಿಮೆ ದರದ ವರ್ಷಗಳಲ್ಲಿ ಬೆಳೆಗಾರರು ಗೊಬ್ಬರ ಹಾಕಲಿಲ್ಲ, ಮುದಿ ಗಿಡಗಳನ್ನು ಬದಲಿಸಲಿಲ್ಲ. ಘಾನಾದಲ್ಲಿ ಎಷ್ಟೋ ತೋಟಗಳು ಚಿನ್ನ ಅಗೆಯುವವರ ಪಾಲಾದವು. ಅದರ ಮೇಲೆ ವೈರಸ್ ರೋಗ, ಹವಾಮಾನದ ಕಾಟ. 2023–24ರಲ್ಲಿ ಬೆಳೆ ಕೈಕೊಟ್ಟಿತು, 2024ರಲ್ಲಿ ಬೆಲೆ ಟನ್ನಿಗೆ 10,000 ಡಾಲರ್ ದಾಟಿ ಡಿಸೆಂಬರಿನಲ್ಲಿ 12,000ವನ್ನೂ ಮೀರಿತು. ಘಾನಾದ ರೈತನಿಗೆ ಆಗಲೂ ಪೂರ್ತಿ ಲಾಭವಿಲ್ಲ. ಕೊಕೊಬಾಡ್ ಮಂಡಳಿ ಬೆಳೆಯನ್ನು ಮುಂಗಡವಾಗಿ ಹಳೆಯ ದರಕ್ಕೆ ಮಾರಿಬಿಟ್ಟಿತ್ತು. ಸರಕು ಗಡಿ ದಾಟಿ ಕಳ್ಳಸಾಗಣೆಯಾಯಿತು. ಸರ್ಕಾರಿ ಮಂಡಳಿ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎನ್ನುವವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

2024ರ ಬೇಸಿಗೆಯಲ್ಲಿ ಪುತ್ತೂರಿನ ಕಡೆ ಹಸಿಬೀಜ ಕೆಜಿಗೆ ಮುನ್ನೂರು ರೂಪಾಯಿಯ ಆಸುಪಾಸಿಗೆ ಹೋಯಿತು. ಕಡಿದು ಹಾಕಿದ ಗಿಡಗಳನ್ನು ನೆನೆದು ಕೈ ಹಿಸುಕಿಕೊಂಡವರ ಕತೆ ಮದುವೆ ಮನೆಗಳಲ್ಲಿ ಓಡಾಡಿತು. ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 2025ರಲ್ಲಿ ಆಂಧ್ರದ ಏಲೂರು ಭಾಗದ ಬೆಳೆಗಾರರು ಕಂಪನಿಗಳು ದರ ಇಳಿಸಿದವೆಂದು ಬೀದಿಗಿಳಿದರು, ಕೊನೆಗೆ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಕೆಜಿಗೆ ಒಂದಿಷ್ಟು ಸೇರಿಸಿ ಕೊಡಬೇಕಾಯಿತು. ಅಂದರೆ ಕೆಟ್ಟ ವರ್ಷದ ಹೊರೆಯಲ್ಲಿ ಒಂದು ಪಾಲನ್ನು ತೆರಿಗೆದಾರರು ಹೊತ್ತರು, ಉಳಿದದ್ದನ್ನು ರೈತರು.

ಈ ಹೊರೆಯಲ್ಲಿ ಪಾಲು ಹೊರದಿರಲು ಕಂಪನಿಗಳು ಹೇಳುತ್ತಿದ್ದ ಒಂದು ನೆಪವೂ ಈಗ ಸಡಿಲವಾಗುತ್ತಿದೆ. ಯುರೋಪಿನ ಕಾಡುನಾಶ ತಡೆ ಕಾನೂನು 2023ರಲ್ಲಿ ಅಂಗೀಕಾರವಾಗಿ ಜಾರಿ ಮುಂದೆ ಹೋಗುತ್ತಲೇ ಇದೆ. ಅದಕ್ಕಾಗಿ ಪ್ರತಿ ತೋಟದ ನಕ್ಷೆ ಬೇಕೆಂದು ಕಂಪನಿಗಳು ಉಪಗ್ರಹದ ಸಹಾಯದಿಂದ ಗಡಿ ಗುರುತಿಸುತ್ತಿವೆ. ಯಾವ ತೋಟ ಯಾರದು, ಎಲ್ಲಿದೆ, ಎಷ್ಟು ಹೆಕ್ಟೇರ್ ಎಂಬುದೆಲ್ಲ ಕಂಪ್ಯೂಟರಿನಲ್ಲಿ ಕುಳಿತ ಮೇಲೆ, ದೂರದ ಸಣ್ಣ ರೈತನನ್ನು ಗುರುತಿಸಿ ನೇರ ಹಣ ಕೊಡುವುದು ಕಷ್ಟ ಎಂಬ ಹಳೆಯ ನೆಪ ನಿಲ್ಲುವುದಿಲ್ಲ.

ಈಗ ನಮ್ಮ ಕರಾವಳಿ, ಮಲೆನಾಡಿನ ಕೆಲವು ಕಡೆ ಎಲೆಚುಕ್ಕಿ, ಹಳದಿರೋಗದಿಂದ ಅಡಿಕೆಯ ಮೇಲಿನ ಭರವಸೆ ಕುಗ್ಗಿ, 2024ರ ಬೆಲೆ ಕಂಡು ಮತ್ತೆ ಕೊಕ್ಕೊ ನೆಡುತ್ತಿರುವವರಿದ್ದಾರೆ. ಇಂದು ನೆಟ್ಟ ಗಿಡ ಫಸಲಿಗೆ ಬರುವುದು ಮೂರು ನಾಲ್ಕು ವರ್ಷಕ್ಕೆ, ಆಗಿನ ಧಾರಣೆ ಯಾರಿಗೂ ಗೊತ್ತಿಲ್ಲ. ದೇಶಕ್ಕೆ ಬೇಕಾದ ಕೊಕ್ಕೊದಲ್ಲಿ ಬಹುಪಾಲು ಆಮದಾಗುತ್ತಿರುವಾಗ ಇಲ್ಲಿನ ಬೀಜ ಕಂಪನಿಗಳಿಗೂ ಬೇಕು. ಉಚಿತ ಸಸಿ ಹಿಡಿದು ಬರುವ ಪ್ರತಿನಿಧಿಯನ್ನು ಜಗಲಿಯಲ್ಲಿ ಕೂರಿಸಿ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ: ಎಷ್ಟು ವರ್ಷ ಕೊಳ್ಳುತ್ತೀರಿ, ಹಸಿಬೀಜ ಕೊಳ್ಳುತ್ತೀರೋ ಒಣಬೀಜ ಮಾತ್ರವೋ, ಪೇಟೆ ಬಿದ್ದರೆ ಯಾವ ದರಕ್ಕಿಂತ ಕೆಳಗೆ ಹೋಗುವುದಿಲ್ಲ, ಇದನ್ನೆಲ್ಲ ಕಾಗದದ ಮೇಲೆ ಬರೆದುಕೊಡುತ್ತೀರಾ. ಕ್ಯಾಂಪ್ಕೊದ ಮಹಾಸಭೆಯಲ್ಲೂ ಇದನ್ನು ಕೇಳಬಹುದು, ಸದಸ್ಯರಿಗೆ ಆ ಹಕ್ಕಿದೆ. ಬರೆದುಕೊಡಲು ಒಪ್ಪದ ಕಂಪನಿಯ ಸಸಿಗಿಂತ ನರ್ಸರಿಗೆ ದುಡ್ಡು ಕೊಟ್ಟು ತಂದ ಸಸಿ ವಾಸಿ; ಬೀಜವನ್ನು ಅವರಿಗೇ ಮಾರಬೇಕೆಂಬ ಹಂಗಾದರೂ ಇರುವುದಿಲ್ಲ.